ನಮ್ಮೂರ ಪಂಚರತ್ನಂ ನಮಗೇ ಗೊತ್ತಿಲ್ಲ!

ಸರ್ ಸಿ.ವಿ. ರಾಮನ್ ಹೆಸರು ಕೇಳದವರು ಮೈಸೂರಿನಲ್ಲಿ ಇರಲಾರರು. ಆದರೆ ಅವರ ಸೋದರಳಿಯ ಎಸ್. ಪಂಚರತ್ನಂ ಮೂರು ವರ್ಷ ನಮ್ಮ ವಿಶ್ವವಿದ್ಯಾಲಯದಲ್ಲೇ ಇದ್ದರು ಅಂದರೆ, ಗಂಗೋತ್ರಿ ಬಸ್ಸಿನಲ್ಲಿ ದಿನಾ ಓಡಾಡುವವರೂ "ಯಾರಪ್ಪ ಅವರು?" ಅಂತಾರೆ. 1961ರಿಂದ 1964ರವರೆಗೆ ಭೌತಶಾಸ್ತ್ರ ವಿಭಾಗದಲ್ಲಿ ರೀಡರ್ ಆಗಿದ್ದವರು. ಬೆಳಕಿನ ವಿಜ್ಞಾನ ಓದುವವರಿಗೆ ದೇಶವಿದೇಶಗಳಲ್ಲೆಲ್ಲ ಇಂದು ಅವರ ಹೆಸರು ಪರಿಚಿತ.

ಈಗ ಈ ಹಳೇ ಕಥೆ ಯಾಕೆ ಅಂತೀರಾ? ಕಾರಣ ಇದೆ. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ರಾಜ್ಯದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿತು. ಅವುಗಳಲ್ಲಿ ಪಕ್ಕದ ಚಾಮರಾಜನಗರ, ಕೊಡಗು ಕೂಡ ಇದ್ದವು. ದುಡ್ಡಿನ ಕೊರತೆ ಎಂಬುದು ಮುಖ್ಯ ಕಾರಣ. ಇಂಥ ಸುದ್ದಿ ಬಂದಾಗಲೆಲ್ಲ ಅಂಗಡಿ ಕಟ್ಟೆಯಲ್ಲಿ ಒಂದೇ ಪ್ರಶ್ನೆ: "ಈ ಯೂನಿವರ್ಸಿಟಿಗಳಿಂದ ನಮಗೇನು ಲಾಭ?" ವ್ಯಾಪಾರಸ್ಥರು ಲಾಭ ಕೇಳೋದು ತಪ್ಪಲ್ಲ. ಪಂಚರತ್ನಂ ಅವರ ಲೆಕ್ಕವನ್ನೇ ತೆಗೆದು ನೋಡೋಣ.

ಕುಂಬಳಕಾಯಿ ಮೇಲಿನ ಕಡ್ಡಿ

ಹುಟ್ಟಿದ್ದು 1934ರಲ್ಲಿ, ಕಲ್ಕತ್ತದಲ್ಲಿ. ಬೆಂಗಳೂರಿನಲ್ಲಿ ಮಾವನ ಸಂಶೋಧನಾ ಸಂಸ್ಥೆ ಸೇರಿ, ಹರಳುಗಳ ಮೂಲಕ ಬೆಳಕು ಹಾಯಿಸಿ ಪರೀಕ್ಷೆ ಮಾಡುತ್ತಿದ್ದರು. 1956ರಲ್ಲಿ ಒಂದು ಲೇಖನ ಪ್ರಕಟಿಸಿದರು. ಆಗ ವಯಸ್ಸು ಬರೀ 22.

ಲೇಖನದಲ್ಲಿ ಏನಿತ್ತು? ಬೆಳಕು ಒಂದು ಅಲೆ. ಅದು ಅಡ್ಡಕ್ಕೆ ಅಲುಗಬಹುದು, ಉದ್ದಕ್ಕೆ ಅಲುಗಬಹುದು, ಸುತ್ತುತ್ತಲೂ ಬರಬಹುದು. ಪೋಲರಾಯ್ಡ್ ಕೂಲಿಂಗ್ ಗ್ಲಾಸು ಒಂದು ಬಗೆಯ ಅಲುಗಾಟವನ್ನು ಬಿಟ್ಟು ಇನ್ನೊಂದನ್ನು ತಡೆಯುತ್ತದೆ. ಈ ಅಲುಗಾಟವನ್ನು ಬದಲಾಯಿಸುತ್ತಾ ಹೋಗಿ, ಕೊನೆಗೆ ಮೊದಲಿದ್ದ ರೀತಿಗೇ ತಂದು ನಿಲ್ಲಿಸಿದರೆ ಏನಾಗುತ್ತದೆ? ಏನೂ ಆಗಬಾರದು ಅನ್ನಿಸುತ್ತದೆ. ಆದರೆ ಅಲೆಯ ಏರಿಳಿತ ಒಂದಿಷ್ಟು ಹಿಂದುಮುಂದಾಗಿರುತ್ತದೆ ಎಂದು ಪಂಚರತ್ನಂ ತೋರಿಸಿಕೊಟ್ಟರು.

ಪಿಯುಸಿ ಅರ್ಧಕ್ಕೇ ಬಿಟ್ಟ ನನ್ನಂಥವನಿಗೆ ಇದು ಅರ್ಥವಾದದ್ದು ಕುಂಬಳಕಾಯಿಯಿಂದ. ತೊಟ್ಟಿನ ಹತ್ತಿರ ಒಂದು ಬೆಂಕಿಕಡ್ಡಿ ಇಡಿ, ತಲೆ ಕೆಳಮುಖ. ಎಲ್ಲೂ ತಿರುಗಿಸದೆ ನಡುವಿನವರೆಗೆ ಜಾರಿಸಿ. ಹಾಗೇ ಪಕ್ಕಕ್ಕೆ ಕಾಲು ಸುತ್ತು ಸರಿಸಿ. ಮತ್ತೆ ನೇರ ತೊಟ್ಟಿಗೆ ತನ್ನಿ. ಕಡ್ಡಿ ಕಾಲು ಭಾಗ ತಿರುಗಿರುತ್ತದೆ! ನೀವು ತಿರುಗಿಸಲಿಲ್ಲ, ಗುಂಡಗಿನ ದಾರಿಯೇ ತಿರುಗಿಸಿತು. ಬೆಳಕಿನ ಕಥೆಯೂ ಹೀಗೇ.

ಮೂವತ್ತು ವರ್ಷ ತಡ

ಮೈಸೂರಿನಲ್ಲಿ ಅವರಿದ್ದ ವಿಭಾಗಕ್ಕೆ ಅಣ್ಣ ಎಸ್. ಚಂದ್ರಶೇಖರ್ ಅವರೇ ಪ್ರೊಫೆಸರ್ (ನೊಬೆಲ್ ಪಡೆದ ಚಂದ್ರಶೇಖರ್ ಬೇರೆ). 1964ರಲ್ಲಿ ತಮ್ಮ ಆಕ್ಸ್‌ಫರ್ಡ್‌ಗೆ ಹೋದರು. ವಾಪಸು ಬರಲಿಲ್ಲ. 1969ರಲ್ಲಿ ಅಲ್ಲೇ ತೀರಿಕೊಂಡಾಗ ವಯಸ್ಸು 35. ಅಣ್ಣ 1971ರಲ್ಲಿ ಬೆಂಗಳೂರಿಗೆ ಹೋದರು. ದ್ರವ ಹರಳುಗಳಲ್ಲಿ ಹೊಸದೊಂದು ಬಗೆಯನ್ನು ಕಂಡುಹಿಡಿದು 1977ರಲ್ಲಿ ಲೋಕಪ್ರಸಿದ್ಧರಾದರು.

ಇತ್ತ 1984ರಲ್ಲಿ ಇಂಗ್ಲೆಂಡಿನ ಮೈಕೇಲ್ ಬೆರಿ ಇದೇ ಜಾತಿಯ ಸಂಗತಿಯನ್ನು ಅಣುಲೋಕದ ಲೆಕ್ಕದಲ್ಲಿ ಕಂಡು ಹೆಸರಾದರು. ನಮ್ಮ ಹುಡುಗ ಇದನ್ನು ಬೆಳಕಿನಲ್ಲಿ ಆಗಲೇ ಕಂಡಿದ್ದ ಎಂದು ನೆನಪಿಸಿದವರು ಬೆಂಗಳೂರಿನ ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ, 1986ರಲ್ಲಿ. ಬೆರಿ ಸಾಹೇಬರು ದೊಡ್ಡ ಮನಸ್ಸಿನವರು. 1987ರಲ್ಲಿ ತಾವೇ ಲೇಖನ ಬರೆದು ಒಪ್ಪಿಕೊಂಡರು. ಇಂದು ಅದು ಪಂಚರತ್ನಂ-ಬೆರಿ ಫೇಸ್. ಹಾಳೆಯಂಥ ತೆಳು ಮಸೂರಗಳನ್ನು ಈ ತತ್ವದ ಮೇಲೆ ಮಾಡುತ್ತಾರೆ.

ಲೆಕ್ಕ ಹಾಕಿ: 1956ರ ಬಂಡವಾಳ, ಮೂವತ್ತು ವರ್ಷದ ಮೇಲೆ ಲಾಭ. ಅಂಗಡಿಯವರು ಇಷ್ಟು ಕಾಯೋಕೆ ಆಗಲ್ಲ, ಒಪ್ಪೋಣ. ಹಾಗೆ ಕಾಯಬಲ್ಲದ್ದು ಸರ್ಕಾರ ಒಂದೇ. ಆದರೆ ಸರ್ಕಾರ ಮಾಡುತ್ತಿರುವುದೇನು? ರಾಜ್ಯದ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರಿಂದ ಪಾಠ ನಡೆಯುತ್ತಿದೆ. ಖಾಯಂ ಮಾಡಿ ಅಂತ 2023ರ ಕೊನೆಯಲ್ಲಿ ಅವರು ತರಗತಿ ಬಿಟ್ಟು ಬೀದಿಗಿಳಿದದ್ದು ನೆನಪಿರಬೇಕು. ಮುಂದಿನ ವರ್ಷದ ಕೆಲಸವೇ ಗ್ಯಾರಂಟಿ ಇಲ್ಲದವರು ಮೂವತ್ತು ವರ್ಷದ ಮುಂದಿನ ಕೆಲಸಕ್ಕೆ ಕೈ ಹಾಕುತ್ತಾರೆಯೇ?

ಅಂದು 27 ವರ್ಷದ ಯುವಕನನ್ನು ಕರೆದು ರೀಡರ್ ಮಾಡುವ ಧೈರ್ಯ ಮೈಸೂರಿಗಿತ್ತು. ನಾಳೆ ಇನ್ನೊಬ್ಬ ಪಂಚರತ್ನಂ ಬಂದು ನಿಂತರೆ ಕೊಡೋದೇನು, ಖಾಯಂ ಹುದ್ದೆಯನ್ನೋ, ವರ್ಷಾವಧಿ ಆದೇಶದ ಕಾಗದವನ್ನೋ? ಲಾಭ ಕೇಳುವವರು ಮೊದಲು ಈ ಪ್ರಶ್ನೆ ಕೇಳಲಿ.