ವಾಕ್ಯದ ಅಚ್ಚು ಒಂದೇ ಆದರೆ ತಾಯಿಯೂ ಒಬ್ಬಳೇನು?

ಉಮರ್ಗಾ, ನಿಲಂಗಾ, ಉದಗೀರ ಭಾಗದಲ್ಲಿ ಎರಡು ಮಾತು ಕೇಳಿ ಕೇಳಿ ನಮಗೆ ಸಾಕಾಗಿದೆ. ಒಂದು: "ಮರಾಠಿ ಹುಟ್ಟಿದ್ದೇ ಕನ್ನಡದಿಂದ." ಇನ್ನೊಂದು: "ನಿಮ್ಮ ಕನ್ನಡ ಅರ್ಧ ಮರಾಠಿಯೇ, ಅದಕ್ಕೆ ಬೇರೆ ಶಾಲೆ ಯಾಕೆ?" ಇಬ್ಬರೂ ತೋರಿಸುವ ಪುರಾವೆ ಒಂದೇ: ವ್ಯಾಕರಣದ ಹೋಲಿಕೆ.

ಹೋಲಿಕೆ ಇಲ್ಲವೆಂದು ನಾವು ಹೇಳುವುದಿಲ್ಲ. "ಮಳೆ ಬಂತು ಅಂತ ನಾವು ಬರಲಿಲ್ಲ" ಅನ್ನುತ್ತೇವೆ. ಮರಾಠಿಯಲ್ಲಿ "ಪಾವೂಸ್ ಆಲಾ ಮ್ಹಣೂನ್ ಆಮ್ಹೀ ಆಲೋ ನಾಹೀ." 'ಅನ್ನು'ವಿನಿಂದ 'ಅಂತ', 'ಮ್ಹಣ್'ನಿಂದ 'ಮ್ಹಣೂನ್'. ಪದ ಬೇರೆ, ಅಚ್ಚು ಒಂದೇ. ಆದರೆ ಇಷ್ಟರಿಂದ ರಕ್ತಸಂಬಂಧ ಹೇಗೆ ಸಿದ್ಧವಾಗುತ್ತದೆ ಸ್ವಾಮಿ?

ಹಾಗಾದರೆ ತುರ್ಕಿ ಭಾಷೆಯೂ ನಮ್ಮ ಬಳಗವೇ ಆಗಬೇಕು. 'ಮನೆಗಳಿಂದ' ಎನ್ನಲು ಅವರು 'ಎವ್-ಲೆರ್-ದೆನ್' ಅನ್ನುತ್ತಾರೆ: ಮನೆ-ಗಳು-ಇಂದ! 1856ರಲ್ಲಿ ಕಾಲ್ಡ್‌ವೆಲ್ ಇಂಥ ಹೋಲಿಕೆ ನೋಡಿಯೇ ದ್ರಾವಿಡ ಭಾಷೆಗಳನ್ನು 'ಸಿಥಿಯನ್' ಗುಂಪಿನ ಹತ್ತಿರ ಕೂರಿಸಿದರು. ಆ ವಾದ ನಿಲ್ಲಲಿಲ್ಲ. 1930ರ ದಶಕದಲ್ಲಿ ತುರ್ಕರು ಸುಮೇರಿಯನ್ನರೂ ನಮ್ಮವರೇ ಎಂದರು. 1933ರಲ್ಲಿ ಸರ್ಕಾರಿ ಬ್ಯಾಂಕಿಗೆ 'ಸುಮೇರ್‌ಬ್ಯಾಂಕ್' ಎಂದೇ ಹೆಸರಿಟ್ಟರು. ಪ್ರತ್ಯಯ ಅಂಟಿಸುವುದು ಎರಡೂ ಭಾಷೆಯಲ್ಲಿದೆ, ನಿಜ. ಆದರೆ ಸುಮೇರಿಯನ್ನಿನಲ್ಲಿ ಕ್ರಿಯಾಧಾತುವಿನ ಹಿಂದೆಯೂ ಮುಂದೆಯೂ ಪ್ರತ್ಯಯಗಳು ಸೇರುತ್ತವೆ, ತುರ್ಕಿಯಲ್ಲಿ ಕೊನೆಗೆ ಮಾತ್ರ. 'ದೊಡ್ಡ ಮನೆ' ಸುಮೇರಿಯನ್ನಿನಲ್ಲಿ 'ಎ-ಗಲ್', ಅಂದರೆ 'ಮನೆ ದೊಡ್ಡ'. ತುರ್ಕಿಯಲ್ಲಿ ನಮ್ಮಂತೆ 'ದೊಡ್ಡ' ಮೊದಲು. ಸುಮೇರಿಯನ್ನಿಗೆ ಬಂಧುಭಾಷೆ ಇಂದಿಗೂ ಸಿಕ್ಕಿಲ್ಲ.

ಬಂಧುತ್ವಕ್ಕೆ ಬೇಕಾದ ಸಾಕ್ಷಿಯೇ ಬೇರೆ. ನಮ್ಮ ಹಾಲು, ಹುಲಿ, ಹಲ್ಲು ತಮಿಳಿನಲ್ಲಿ ಪಾಲ್, ಪುಲಿ, ಪಲ್. ಹಕಾರಕ್ಕೆ ಪಕಾರ, ಇದು ನಿಯಮ. ಮರಾಠಿಯಲ್ಲಿ ದೂಧ, ವಾಘ, ದಾತ. ಇಲ್ಲಿ ಯಾವ ನಿಯಮ ತೋರಿಸುತ್ತೀರಿ?

ಹಾಗಾದರೆ ಅಚ್ಚು ಒಂದಾದದ್ದು ಹೇಗೆ? ನೆರೆಹೊರೆಯಿಂದ. ಸಾಂಗಲಿ ಜಿಲ್ಲೆಯ ಕುಪ್ವಾರ್ ಊರಿನ ಬಗ್ಗೆ ಗುಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಬರೆದರು: ಅಲ್ಲಿಯ ಕನ್ನಡ, ಮರಾಠಿ, ಉರ್ದು ಶತಮಾನಗಳ ಒಡನಾಟದಲ್ಲಿ ವಾಕ್ಯರಚನೆಯಲ್ಲಿ ಒಂದಾಗುತ್ತಾ ಬಂದಿವೆ, ಪದಗಳು ಮಾತ್ರ ಬೇರೆಯಾಗಿಯೇ ಉಳಿದಿವೆ. ಯಾರೂ ಮನೆಮಾತು ಬಿಟ್ಟುಕೊಡಲಿಲ್ಲ.

ನಮ್ಮ ಉದಗೀರ, ನಿಲಂಗಾ 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ಇಲ್ಲಿ ಕನ್ನಡ ಶಾಲೆ ಉಳಿಯಬೇಕಾದರೆ ಕನ್ನಡವನ್ನು ಮರಾಠಿಯ ತಾಯಿ ಮಾಡಬೇಕಾಗಿಲ್ಲ. ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಆ ಕಾರಣ ಸಾಲದೇ? ಸುಳ್ಳು ವಂಶಾವಳಿಯ ಮೇಲೆ ಶಾಲೆ ನಿಲ್ಲಿಸಿದರೆ, ಆ ವಂಶಾವಳಿ ಬಿದ್ದ ದಿನ ಶಾಲೆಯೂ ಬೀಳುತ್ತದೆ.