ಪಕ್ಕದ ಕಾರ್ಖಾನೆಯ ಲೆಕ್ಕವನ್ನೂ ನೋಡಬೇಕು

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಮರಗೂರಿನಲ್ಲಿ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆ, ಸಿಂದಗಿ ಮಗ್ಗುಲಿನ ಆಲಮೇಲದಲ್ಲಿ ಕೆಪಿಆರ್, ಮುದ್ದೇಬಿಹಾಳ ಸೀಮೆಯ ಯರಗಲ್ಲದಲ್ಲಿ ಬಾಲಾಜಿ ಶುಗರ್ಸ್. ಹಂಗಾಮು ಶುರುವಾದರೆ ಕಬ್ಬು ತಂದ ರೈತನ ಪ್ರಶ್ನೆ ಎರಡೇ: ತೂಕ ಎಷ್ಟು, ರಿಕವರಿ ಎಷ್ಟು?

ನೂರು ಟನ್ ಕಬ್ಬಿಗೆ ಎಷ್ಟು ಟನ್ ಸಕ್ಕರೆ ಬಂತು ಎಂಬುದೇ ರಿಕವರಿ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಕಬ್ಬಿನ ನ್ಯಾಯಯುತ ಮತ್ತು ಲಾಭದಾಯಕ ದರ (ಎಫ್‌ಆರ್‌ಪಿ), ಶೇ 10.25 ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಅದರ ಮೇಲಿನ ಪ್ರತಿ ಶೇ 0.1ಕ್ಕೆ 3.46 ರೂಪಾಯಿ, ಅಂದರೆ ಟನ್ನಿಗೆ 34 ರೂಪಾಯಿ 60 ಪೈಸೆ ಹೆಚ್ಚು. ದಿನಕ್ಕೆ 5,000 ಟನ್ ನುರಿಸುವ ಕಾರ್ಖಾನೆಗೆ ಅದೇ ಶೇ 0.1 ಎಂದರೆ ದಿನಕ್ಕೆ 50 ಕ್ವಿಂಟಲ್ ಸಕ್ಕರೆ.

ಇಷ್ಟು ದೊಡ್ಡ ಲೆಕ್ಕವನ್ನು ಒಂದೊಂದು ಕಾರ್ಖಾನೆಯೂ ತನ್ನಷ್ಟಕ್ಕೆ ಇಟ್ಟುಕೊಂಡು ಕೂತರೆ ಯಾರಿಗೂ ಲಾಭವಿಲ್ಲ. ತನಗಿಂತ ಚೆನ್ನಾಗಿ ಮಾಡುವವರ ಜೊತೆ ತನ್ನ ಕೆಲಸವನ್ನು ಹೋಲಿಸಿ, ಅವರಿಂದ ಕಲಿಯುವುದಕ್ಕೆ ಉದ್ಯಮದವರು ಬೆಂಚ್‌ಮಾರ್ಕಿಂಗ್ ಎನ್ನುತ್ತಾರೆ. ಅಮೆರಿಕದ ಜೆರಾಕ್ಸ್ ಕಂಪನಿ 1979ರಲ್ಲಿ ಜಪಾನಿನ ನಕಲು ಯಂತ್ರಗಳ ವೆಚ್ಚದೊಡನೆ ತನ್ನ ತಯಾರಿಕಾ ವೆಚ್ಚವನ್ನು ಹೋಲಿಸಲು ಕೂತಿತು. ಮುಂದೆ ಗೋದಾಮಿನ ಕೆಲಸ ಕಲಿಯಲು, ಬಟ್ಟೆ-ಬೂಟುಗಳನ್ನು ಅಂಚೆಯಲ್ಲಿ ಮಾರುತ್ತಿದ್ದ ಎಲ್‌.ಎಲ್‌. ಬೀನ್ ಕಂಪನಿಗೇ ಹೋಯಿತು.

ಆದರೆ ಬರೀ ರಿಕವರಿ ಅಂಕಿ ನೋಡಿ ಇವರು ಮೇಲು, ಅವರು ಕೀಳು ಎನ್ನುವುದು ಅನ್ಯಾಯ. ಇನ್ನೂ ಸಕ್ಕರೆ ಉಳಿದಿರುವ ಬಿ-ಹೆವಿ ಕಾಕಂಬಿಯನ್ನು ಎಥೆನಾಲ್‌ಗೆ ಕಳಿಸುವ ಕಾರ್ಖಾನೆಯಲ್ಲಿ ಸಕ್ಕರೆ ಕಡಿಮೆ ಬಂದೇ ಬರುತ್ತದೆ. ಕಡಿದ ಕಬ್ಬು ಗೇಟಿನ ಮುಂದೆ ಬಿಸಿಲಲ್ಲಿ ಒಣಗಿದರೆ ಸಕ್ಕರೆ ಅಂಶ ಇಳಿಯುತ್ತದೆ. ತಳಿ ಬೇರೆ, ಮಣ್ಣು ಬೇರೆ, ನಾರು ಬೇರೆ. ಈ ತೊಡಕು ಹೊಸದಲ್ಲ. ಸಕ್ಕರೆ ತಜ್ಞ ನೋಯಲ್ ಡೀರ್ ಎಲ್ಲ ಕಬ್ಬಿನಲ್ಲೂ ಶೇ 12.5 ನಾರಿದೆ ಎಂದು ಹಿಡಿದು, ಗಾಣಗಳು ರಸ ಹಿಂಡುವ ಶಕ್ತಿಯನ್ನು ಸಮನಾಗಿ ಅಳೆಯುವ ಲೆಕ್ಕ ಕೊಟ್ಟಿದ್ದ.

ಹಾಗಾಗಿ ಹೋಲಿಸಬೇಕಾದ್ದು ನಷ್ಟವನ್ನು. ಸಿಪ್ಪೆಯಲ್ಲಿ ಎಷ್ಟು ಹೋಯಿತು, ಕಾಕಂಬಿಯಲ್ಲಿ ಎಷ್ಟು, ರಸ ಸೋಸಿದ ಕೆಸರಿನಲ್ಲಿ (ಪ್ರೆಸ್‌ಮಡ್) ಎಷ್ಟು, ಲೆಕ್ಕಕ್ಕೇ ಸಿಗದೆ ಹೋದದ್ದು ಎಷ್ಟು? ಟನ್ ಕಬ್ಬಿಗೆ ಉಗಿ ಎಷ್ಟು ಬೇಕಾಯಿತು? ಗಾಣ ಎಷ್ಟು ತಾಸು ನಿಂತಿತು, ಯಾಕೆ ನಿಂತಿತು? ಕಬ್ಬು ಕಡಿದ ಮೇಲೆ ಎಷ್ಟು ತಾಸಿಗೆ ಗಾಣಕ್ಕೆ ಬಿತ್ತು? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ತಪ್ಪು ಹೊಲದ್ದೋ ಯಂತ್ರದ್ದೋ ತಿಳಿಯುತ್ತದೆ.

ಇಂಥ ಹೋಲಿಕೆಗೆ ಮಾದರಿ ಹತ್ತಿರದಲ್ಲೇ ಇದೆ: ಬಸವನಬಾಗೇವಾಡಿ ಭಾಗದ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರವಿದೆ. ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಶಾಖ ಬೇಕಾಯಿತು ಎಂಬ ಸಮಾನ ಅಳತೆಯಿಂದ ದೇಶದ ಉಷ್ಣ ಸ್ಥಾವರಗಳನ್ನು ತೂಗುತ್ತಾರೆ. ಅಂಥದೇ ಒಪ್ಪಿತ ಅಳತೆ ಸಕ್ಕರೆಗೂ ಇರಲಿ.

ಬೆಳಗಾವಿಯ ಎಸ್‌. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಸಿಪ್ಪೆ, ಕಾಕಂಬಿಗಳ ಮಾದರಿ ಪರೀಕ್ಷಿಸಲಿ, ಕಬ್ಬು ಅಭಿವೃದ್ಧಿ ಆಯುಕ್ತರು ಹಾಗೂ ಸಕ್ಕರೆ ನಿರ್ದೇಶಕರ ಕಚೇರಿ ವಿಜಯಪುರ ಜಿಲ್ಲೆಯ ಎಲ್ಲ ಕಾರ್ಖಾನೆಗಳ ನಷ್ಟ, ಉಗಿ, ನಿಲುಗಡೆಯ ಅಂಕಿಗಳನ್ನು ಪ್ರತಿ ವಾರ ಕನ್ನಡದಲ್ಲಿ ಪ್ರಕಟಿಸಲಿ. ಎಂಜಿನಿಯರುಗಳು, ಕೆಮಿಸ್ಟರು ಹಂಗಾಮಿಗೊಮ್ಮೆಯಾದರೂ ಒಬ್ಬರ ಕಾರ್ಖಾನೆಗೆ ಇನ್ನೊಬ್ಬರು ಹೋಗಿ ನೋಡಲಿ. ಸಹಕಾರಿ ಕಾರ್ಖಾನೆಯ ಷೇರುದಾರ ರೈತರು ಮುಂದಿನ ವಾರ್ಷಿಕ ಸಭೆಯಲ್ಲಿ ದರದ ಜೊತೆಗೆ ನಷ್ಟದ ಲೆಕ್ಕವನ್ನೂ ಕೇಳಲಿ.