ಬಿಟ್ಟಿ, ಕೂಲಿ, ಮುಯ್ಯಿ

ಪೇಟೆಯ ಯುವಕ ಯುವತಿಯರು ಕಚೇರಿಗೆ ರಜೆ ಹಾಕಿ, ಎಲ್ಲೋ ಒಂದು ಸಾವಯವ ತೋಟಕ್ಕೆ ಹೋಗಿ, ಹದಿನೈದು ದಿನವೋ ಒಂದು ತಿಂಗಳೋ ಸಂಬಳವಿಲ್ಲದೆ ಮಣ್ಣಿನ ಕೆಲಸ ಮಾಡಿ ಬರುವುದು ಈಗ ಹೊಸ ಸುದ್ದಿಯೇನಲ್ಲ. ಆ ತೋಟ ಸಾಮಾನ್ಯವಾಗಿ ಒಬ್ಬ ರೈತನದ್ದಾಗಿರುವುದಿಲ್ಲ. ಸರಳವಾಗಿ ಬದುಕಬೇಕೆಂದು ಮನಸ್ಸು ಮಾಡಿ ಒಂದೆಡೆ ಬಂದು ನೆಲೆಸಿದ ಹಲವರದ್ದಾಗಿರುತ್ತದೆ. ಅಲ್ಲಿ ದುಡಿಮೆ ಒಟ್ಟಿಗೆ, ಊಟವೂ ಒಟ್ಟಿಗೆ. ಬಂದವರಿಗೆ ಊಟ, ವಸತಿ ಸಿಗುತ್ತದೆ. ಪ್ರತಿಯಾಗಿ ಅವರು ದಿನಕ್ಕೆ ಕೆಲವು ಗಂಟೆ ದುಡಿಯಬೇಕು. ಇದಕ್ಕೆ ‘ವಾಲಂಟಿಯರಿಂಗ್’ ಎಂಬ ಹೆಸರು. ನಾವು ಸ್ವಯಂಸೇವೆ ಎನ್ನೋಣ. ಇದು ಒಳ್ಳೆಯದೋ, ಹೊಟ್ಟೆ ತುಂಬಿದವರ ವಿನೋದವೋ ಎಂಬ ಪ್ರಶ್ನೆಯನ್ನು ಹಲವರು ನನ್ನಲ್ಲಿ ಕೇಳಿದ್ದಾರೆ. ನನಗೆ ತೋಚಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆ.ಜಿ.ಎಫ್.ನಲ್ಲಿ ನನ್ನಿಂದ ಪಾಠ ಹೇಳಿಸಿಕೊಂಡ ಹುಡುಗನೊಬ್ಬ ಈಗ ಬೆಂಗಳೂರಿನಲ್ಲಿ ಇಂಜಿನಿಯರ್. ಅವನು ಹೀಗೆ ಹೊರಟಾಗ ಅವನ ತಾಯಿ ಆಡಿದ ಮಾತು ನನ್ನನ್ನು ಬಹಳ ದಿನ ಕಾಡಿತು. “ನಮ್ಮ ಮಾವ ಬಿಟ್ಟಿ ಚಾಕರಿ ತಪ್ಪಿಸ್ಕೊಳ್ಳೋಕೆ ಅಂತಾನೇ ಊರು ಬಿಟ್ಟು ಗಣಿಗೆ ಬಂದ್ರು. ಈಗ ಇವನು ರಜ ಹಾಕಿ ಬಿಟ್ಟಿ ಚಾಕರಿ ಹುಡುಕ್ಕೊಂಡು ಹೋಗ್ತಾನಂತೆ ಸಾರ್!”

ಆಕೆಯ ಮಾತಿನಲ್ಲಿ ನಮ್ಮ ಊರಿನ ಚರಿತ್ರೆಯೇ ಇದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಗಣಿಗಿಳಿಯಲು ಬಂದವರಲ್ಲಿ ಬಹುಪಾಲು ಉತ್ತರ ಆರ್ಕಾಟ್, ಚಿತ್ತೂರು ಮೊದಲಾದ ಸೀಮೆಗಳ ಭೂಮಿಯಿಲ್ಲದ ದಲಿತರು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋದ ಆ ಸುರಂಗಗಳ ಬಿಸಿ, ಧೂಳು, ಬಂಡೆ ಸಿಡಿತ ಇವೆಲ್ಲವನ್ನೂ ಅವರು ಒಪ್ಪಿಕೊಂಡರು. ಏಕೆ? ಅಲ್ಲಿ ದುಡಿದದ್ದಕ್ಕೆ ಕೈಗೆ ಕಾಸು ಬರುತ್ತಿತ್ತು. ಊರಿನಲ್ಲಾದರೋ ಗೌಡರ ಹೊಲದ ಬಿಟ್ಟಿ ಕೆಲಸ, ತಲೆಮಾರಿನ ಜೀತ. ಜೀತ ಪದ್ಧತಿಯನ್ನು ನಿಷೇಧಿಸುವ ಕೇಂದ್ರದ ಕಾಯಿದೆ ಬಂದದ್ದು 1976ರಲ್ಲಿ! ಇಂತಹ ಮನೆತನದವರಿಗೆ ‘ಸಂಬಳವಿಲ್ಲದ ದುಡಿಮೆ’ ಎಂಬ ಮಾತು ಆದರ್ಶವಾಗಿ ಕೇಳಿಸೀತು ಹೇಗೆ?

ಹಾಗೆಂದು ಒಟ್ಟುಬಾಳಿನ ತೋಟಗಳನ್ನು ಹಗುರವಾಗಿ ಕಾಣಲೂ ನನಗೆ ಮನಸ್ಸಿಲ್ಲ. ಅವಕ್ಕೂ ಒಂದು ಗಂಭೀರವಾದ ಹಿನ್ನೆಲೆಯಿದೆ. ನಮ್ಮವರ ಮಟ್ಟಿಗೆ ಅದು ಆರಂಭವಾದದ್ದು ದಕ್ಷಿಣ ಆಫ್ರಿಕಾದಲ್ಲಿ. ಗಾಂಧೀಜಿ 1904ರಲ್ಲಿ ಫೀನಿಕ್ಸ್ ಆಶ್ರಮವನ್ನೂ, 1910ರಲ್ಲಿ ಟಾಲ್‌ಸ್ಟಾಯ್ ಫಾರ್ಮನ್ನೂ ಕಟ್ಟಿದರು. ಎರಡನೆಯದು ನಮ್ಮ ಕೆ.ಜಿ.ಎಫ್.ನಂತೆಯೇ ಚಿನ್ನದ ಗಣಿಗಳಿಂದ ಬೆಳೆದ ಜೋಹಾನ್ಸ್‌ಬರ್ಗ್ ನಗರದ ಸಮೀಪದಲ್ಲಿತ್ತು. ಸುಮಾರು 1100 ಎಕರೆಯ ಆ ಜಮೀನನ್ನು ಬಿಟ್ಟುಕೊಟ್ಟವರು ಹರ್ಮನ್ ಕ್ಯಾಲನ್‌ಬಾಖ್ ಎಂಬ ವಾಸ್ತುಶಿಲ್ಪಿ. ಸತ್ಯಾಗ್ರಹಕ್ಕಿಳಿದವರ ಕುಟುಂಬಗಳಿಗೆ ಆಸರೆಯಾಗಲೆಂದು ಅದು ಹುಟ್ಟಿತು. ತಮಿಳರು, ತೆಲುಗರು, ಗುಜರಾತಿಗಳು, ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಒಂದೇ ಅಡುಗೆಮನೆಯಲ್ಲಿ ಉಂಡರು. ಆಳುಕಾಳುಗಳಿರಲಿಲ್ಲ, ಅಡುಗೆಯಿಂದ ಹಿಡಿದು ಮಲ ಬಾಚುವವರೆಗೆ ಎಲ್ಲವನ್ನೂ ಎಲ್ಲರೂ ಮಾಡಬೇಕಾಗಿತ್ತು. ಬೇರೆಯವರ ಬೆವರಿನ ಮೇಲೆ ಬದುಕುವುದನ್ನು ನಿಲ್ಲಿಸಿ, ನಿಮ್ಮ ಕೆಲಸವನ್ನು ನೀವೇ ಮಾಡಿರಿ ಎಂಬುದು ಅದರ ತಿರುಳು. ಬಿಟ್ಟಿ ಚಾಕರಿಗೆ ನೇರವಾದ ವಿರೋಧ ಇದು.

ಇಂದು ಜಗತ್ತಿನಾದ್ಯಂತ ಹರಡಿರುವ ‘ವೂಫ್’ ಎಂಬ ಏರ್ಪಾಡು 1971ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಲಂಡನ್ನಿನ ಕಚೇರಿಯೊಂದರಲ್ಲಿ ಕಾರ್ಯದರ್ಶಿಯಾಗಿದ್ದ ಸೂ ಕೊಪ್ಪರ್ಡ್ ಎಂಬ ಮಹಿಳೆ, ತನ್ನಂತಹ ನಗರವಾಸಿಗಳು ವಾರಾಂತ್ಯದಲ್ಲಾದರೂ ಸಾವಯವ ಕೃಷಿಕರ ಹೊಲದಲ್ಲಿ ದುಡಿಯಲಿ ಎಂದು ಇದನ್ನು ಆರಂಭಿಸಿದರು. ನಮ್ಮ ನೆರೆಯಲ್ಲಿ ಇಂತಹ ಸ್ವಯಂಸೇವಕರನ್ನು ಹೆಚ್ಚಾಗಿ ಸೆಳೆಯುವುದು ಪುದುಚೇರಿಯ ಬಳಿಯ ಆರೋವಿಲ್. ಅದು ಸ್ಥಾಪನೆಯಾದದ್ದು 1968ರ ಫೆಬ್ರವರಿ 28ರಂದು. ಕೊರಕಲು ಬಿದ್ದು ಮಣ್ಣು ಕೊಚ್ಚಿಹೋಗುತ್ತಿದ್ದ ಬರಡು ನೆಲದಲ್ಲಿ ಲಕ್ಷಾಂತರ ಗಿಡಗಳು ಬೆಳೆದು ಕಾಡಾಯಿತು. ನಮ್ಮ ಚಿನ್ನದ ಗಣಿಗೆ ಬೀಗ ಬಿದ್ದದ್ದೂ ಫೆಬ್ರವರಿ 28ರಂದೇ, 2001ರಲ್ಲಿ! ಅಲ್ಲಿ ಹಸಿರು ಬಂತು. ಇಲ್ಲಿ ಬೇಸಿಗೆ ಗಾಳಿಗೆ ಧೂಳೆಬ್ಬಿಸುವ ಸಯನೈಡ್ ದಿಬ್ಬಗಳು ಉಳಿದವು. ದಿನಾಂಕ ಕೂಡಿಬಂದದ್ದು ಕೇವಲ ಕಾಕತಾಳೀಯ. ಆದರೂ ನೆನೆದಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ನಮಗೆ ಇನ್ನೂ ಹತ್ತಿರದ ನಿದರ್ಶನ ‘ನವದರ್ಶನಂ’. ಮಾಲೂರಿನ ಮೇಲೆ ಹೊಸೂರಿಗೆ ಹೋಗಿ, ಅಲ್ಲಿಂದ ಮುಂದೆ ಸಾಗಿದರೆ ಕೃಷ್ಣಗಿರಿ ಜಿಲ್ಲೆಯ ತಳಿ ಎಂಬ ಊರು. ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ನಮ್ಮದೇ ರೀತಿಯ ಗಡಿಸೀಮೆ. ಅದರ ಸಮೀಪ, ಆನೆಗಳು ಓಡಾಡುವ ಕಾಡಿನಂಚಿನಲ್ಲಿ, ಗಾಂಧೀ ವಿಚಾರದಲ್ಲಿ ನಂಬಿಕೆಯಿಟ್ಟ ಕೆಲವರು 1990ರ ದಶಕದಲ್ಲಿ ಸುಮಾರು 115 ಎಕರೆಯಲ್ಲಿ ನೆಲೆಸಿದರು. ಅವರು ಮಾಡಿದ ಮೊದಲ ಕೆಲಸವೆಂದರೆ ದನ ಮೇಯಿಸುವುದನ್ನೂ ಮರ ಕಡಿಯುವುದನ್ನೂ ನಿಲ್ಲಿಸಿ ನೆಲವನ್ನು ಅದರ ಪಾಡಿಗೆ ಬಿಟ್ಟದ್ದು. ಕಾಡು ತಾನಾಗಿ ಮರಳಿತು. ಸುತ್ತಲಿನ ಹಳ್ಳಿಯವರೇ ಅಲ್ಲಿ ಆಹಾರ ಪದಾರ್ಥಗಳನ್ನು ತಯಾರಿಸಿ ಮಾರುವ ಗುಂಪು ಕಟ್ಟಿಕೊಂಡರು. ಈ ಕೊನೆಯ ಅಂಶವೇ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಈಗ ನಮ್ಮ ಬಂಗಾರಪೇಟೆಯತ್ತ ನೋಡೋಣ. ಮಾರಿಕುಪ್ಪಂನಿಂದ ನಸುಕಿನಲ್ಲಿ ಹೊರಡುವ ರೈಲುಗಳು ನಮ್ಮ ತಾಲ್ಲೂಕಿನ ದುಡಿಯುವ ಕೈಗಳನ್ನೆಲ್ಲ ಬೆಂಗಳೂರಿಗೆ ಒಯ್ಯುತ್ತವೆ. ಹೊಲದಲ್ಲಿ ಉಳಿಯುವವರು ಮುದುಕರು ಮತ್ತು ಹೆಂಗಸರು. ರಾಗಿಯೆಂದರೆ ಕೈಕೆಲಸದ ಬೆಳೆ. ತಿಪ್ಪೆಗೊಬ್ಬರ ಹೊಡೆಯಬೇಕು, ಕೂರಿಗೆಯಲ್ಲಿ ಬಿತ್ತಬೇಕು, ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಹಾಕಬೇಕು, ಕುಂಟೆ ಹೊಡೆಯಬೇಕು, ಕಳೆ ಕೀಳಬೇಕು, ಕೊಯ್ಯಬೇಕು, ಮೆದೆ ಹಾಕಬೇಕು, ಕಣ ಮಾಡಬೇಕು. ಆಳು ಸಿಗದ ರೈತ ಏನು ಮಾಡಿದ? ನೀಲಗಿರಿ ನೆಟ್ಟ. ಅದಕ್ಕೆ ಕಳೆಯೂ ಬೇಡ, ಕಾವಲೂ ಬೇಡ. 1980ರ ದಶಕದಲ್ಲಿ ಕೋಲಾರ ಜಿಲ್ಲೆಯ ರಾಗಿ ಹೊಲಗಳು ನೀಲಗಿರಿ ತೋಪುಗಳಾದ ಕಥೆ ದೇಶದಾದ್ಯಂತ ಚರ್ಚೆಯಾಯಿತು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಆದುದರಿಂದ ನೆಲಕ್ಕೆ ಕೈ ಬೇಕಾಗಿದೆ ಎಂಬುದರಲ್ಲಿ ಅನುಮಾನವಿಲ್ಲ.

ಆದರೆ ರಜೆಯಲ್ಲಿ ಬಂದವರ ಕೈಯಿಂದ ಆ ಕೊರತೆ ತುಂಬೀತೇ? ಎಳೆಯ ರಾಗಿ ಪೈರನ್ನೇ ಹೋಲುವ ಒಂದು ಹುಲ್ಲು ಸಾಲಿನ ನಡುವೆ ಬೆಳೆಯುತ್ತದೆ. ಅವೆರಡರ ಭೇದ ತಿಳಿಯಲು ನಮ್ಮ ಹಳ್ಳಿಯ ಹೆಣ್ಣುಮಗಳಿಗೆ ಒಂದು ನೋಟ ಸಾಕು. ಪದವೀಧರನಿಗೆ ವಾರ ಬೇಕು. ಅವನು ನಾಲ್ಕು ಗಂಟೆಯಲ್ಲಿ ಕೀಳುವ ಕಳೆಯನ್ನು ಆಕೆ ಒಂದು ಗಂಟೆಯಲ್ಲಿ ಕಿತ್ತು ಮುಗಿಸುತ್ತಾಳೆ. ಹಾಗಾದರೆ ಅಲ್ಲಿ ಸೇವೆ ಮಾಡುತ್ತಿರುವವರು ಯಾರು? ಹೋದವನು ವಿದ್ಯಾರ್ಥಿ, ಗುರು ಆ ಹೆಣ್ಣುಮಗಳು. ಬಿ.ಎಡ್. ತರಗತಿಯಲ್ಲಿ ನಾವೆಲ್ಲ 1937ರ ವಾರ್ಧಾ ಶಿಕ್ಷಣ ಯೋಜನೆಯ ಬಗ್ಗೆ, ಕೈಕೆಲಸದ ಮೂಲಕ ಕಲಿಕೆಯ ಬಗ್ಗೆ ಪುಟಗಟ್ಟಲೆ ಬರೆದು ಅಂಕ ಪಡೆದೆವು. ಶಾಲೆಗಳಲ್ಲಾದರೋ ಕೈತೋಟದ ಪೀರಿಯಡ್ಡು ಪರೀಕ್ಷೆ ಹತ್ತಿರವಾದೊಡನೆ ಗಣಿತಕ್ಕೆ ಹೋಗುತ್ತಿತ್ತು. ಶಾಲೆ ಕೊಡದ ಆ ಪಾಠವನ್ನು ಇಪ್ಪತ್ತೈದರ ವಯಸ್ಸಿನಲ್ಲಿ ಹುಡುಕಿಕೊಂಡು ಹೋಗುವವರನ್ನು ನಾನು ಗೇಲಿ ಮಾಡಲಾರೆ.

ಇನ್ನು ಕೂಲಿಯ ಮಾತು. ಕಳೆ ಕೀಳುವ ಕೆಲಸ ನಮ್ಮಲ್ಲಿ ಭೂಮಿಯಿಲ್ಲದ ಹೆಂಗಸರಿಗೆ ವರ್ಷದಲ್ಲಿ ಕೆಲವೇ ವಾರ ಸಿಗುವ ಸಂಪಾದನೆ. ಆ ಕೆಲಸವನ್ನು ಉಚಿತವಾಗಿ ಮಾಡಿಕೊಡುವ ಹತ್ತು ಜನ ತೋಟಕ್ಕೆ ಬಂದರೆ ಆ ಹೆಂಗಸರ ಕೂಲಿ ಹೋಗುತ್ತದೆ. ಉಚಿತ ದುಡಿಮೆಯಿಂದ ಬೆಳೆದ ತರಕಾರಿಯನ್ನು ‘ಸಾವಯವ’ ಎಂಬ ಚೀಟಿ ಅಂಟಿಸಿ ದುಬಾರಿ ಬೆಲೆಗೆ ಮಾರುವುದಾದರೆ, ಆ ತಾಯಿ ಹೇಳಿದ ಬಿಟ್ಟಿ ಚಾಕರಿ ಎಂಬ ಮಾತೇ ನಿಜವಾಗಿಬಿಡುತ್ತದೆ.

ನಮ್ಮ ಹಿರಿಯರಲ್ಲಿ ಬಿಟ್ಟಿ, ಕೂಲಿಗಳಲ್ಲದೆ ಮೂರನೆಯ ಬಗೆಯೊಂದಿತ್ತು. ಅದೇ ಮುಯ್ಯಾಳು. ಇಂದು ನಮ್ಮ ಮನೆಯವರು ನಿಮ್ಮ ಹೊಲದ ಕೊಯ್ಲಿಗೆ, ನಾಳೆ ನಿಮ್ಮವರು ನಮ್ಮ ಹೊಲಕ್ಕೆ. ಹಣದ ಮಾತಿಲ್ಲ, ಆದರೆ ಲೆಕ್ಕ ತಪ್ಪುತ್ತಿರಲಿಲ್ಲ. ಒಂದು ದಿನದ ದುಡಿಮೆ ಒಂದು ದಿನದ ಋಣ. ಆ ಪದ್ಧತಿಯಲ್ಲೂ ಕುಂದಿತ್ತೆಂಬುದನ್ನು ಮರೆಯಬಾರದು: ಹೊಲವಿದ್ದವರ ನಡುವೆ ಮಾತ್ರ ಮುಯ್ಯಿ, ಹೊಲವಿಲ್ಲದವರ ಪಾಲಿಗೆ ಬಿಟ್ಟಿ. ಜಾತಿ ಕೇಳದೆ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ಒಟ್ಟುಬಾಳಿನ ತೋಟಗಳು ಈ ಕುಂದನ್ನು ನೀಗಬಲ್ಲವು. ಆದರೆ ಅವು ತಮ್ಮ ಬೇಲಿಯೊಳಗೇ ಉಳಿದರೆ ಪ್ರಯೋಜನವಿಲ್ಲ. ಒಂದೇ ಮನಸ್ಸಿನವರು ಕೂಡಿ ಬಾಳುವುದಕ್ಕಿಂತ, ಬದು ಹಂಚಿಕೊಂಡ ನೆರೆಯವರೊಡನೆ ಬಾಳುವುದು ಕಷ್ಟ. ಹಳ್ಳಿ ಮಾಡುತ್ತಿದ್ದದ್ದು ಆ ಕಷ್ಟದ ಕೆಲಸವನ್ನು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಸ್ವಯಂಸೇವೆಯನ್ನು ಮುಯ್ಯಿಯೆಂದು ತಿಳಿದು ನಡೆಸಬೇಕು. ಯಾರಿಗೂ ಕೂಲಿ ಹುಟ್ಟದ ಕೆಲಸಗಳನ್ನು, ಅಂದರೆ ಬದು ಕಟ್ಟುವುದು, ಗಿಡ ನೆಡುವುದು, ಕಾಲುವೆ ತೆರವು, ಬೀಜ ಸಂಗ್ರಹ ಇಂತಹವನ್ನು, ಬಂದವರು ಮಾಡಲಿ. ಕಳೆ, ಕೊಯ್ಲಿನ ಕೆಲಸಕ್ಕೆ ಊರಿನವರನ್ನೇ ಕೂಲಿ ಕೊಟ್ಟು ಕರೆದು, ಅವರ ಜೊತೆಯಲ್ಲಿ ನಿಂತು ಕಲಿಯಲಿ. ತೋಟದವರು ವಾರಕ್ಕೊಂದು ದಿನ ಆಳಿಲ್ಲದ ನೆರೆಯ ವಿಧವೆಯದ್ದೋ ವೃದ್ಧರದ್ದೋ ಹೊಲಕ್ಕೆ ತಮ್ಮ ಸ್ವಯಂಸೇವಕರೊಡನೆ ಹೋಗಲಿ. ಹೋಗಿಬಂದವರು ತಮ್ಮ ಋಣವನ್ನು ತಮಗೆ ತಿಳಿದ ವಿದ್ಯೆಯಿಂದ ತೀರಿಸಲಿ: ಊರಿನ ಶಾಲೆಯ ಮಕ್ಕಳಿಗೆ ಗಣಿತ, ಕಂಪ್ಯೂಟರ್ ಹೇಳಿಕೊಡಬಹುದು, ರೈತನ ರಾಗಿಗೆ ನೇರವಾಗಿ ಕೊಳ್ಳುವ ಮನೆಗಳನ್ನು ಹುಡುಕಿಕೊಡಬಹುದು. ಮತ್ತೆ ಮುಂದಿನ ವರ್ಷವೂ ಅದೇ ಹೊಲಕ್ಕೆ ಬರಲಿ. ವರ್ಷಕ್ಕೊಂದು ಹೊಸ ತೋಟ ನೋಡಿಬರುವುದು ಪ್ರವಾಸವಾದೀತು, ಮುಯ್ಯಿಯಾಗದು.

ನೀಲಗಿರಿ ಕಿತ್ತು ಮರಳಿ ರಾಗಿ ಬಿತ್ತಲು ಮನಸ್ಸಿರುವ ರೈತರು ನಮ್ಮ ತಾಲ್ಲೂಕಿನಲ್ಲೇ ಇದ್ದಾರೆ. ಅದೇ ರೈಲು ಸಂಜೆ ಬೆಂಗಳೂರಿನಿಂದ ಬಂಗಾರಪೇಟೆಗೂ ಬರುತ್ತದೆ. ಒಟ್ಟುಬಾಳಿನ ತೋಟಕ್ಕೆಂದು ದೂರ ಹೋಗುವ ನಮ್ಮ ಮಕ್ಕಳು ಕೊಯ್ಲಿನ ಕಾಲದಲ್ಲಿ ಎರಡು ದಿನ ಇಲ್ಲಿಯೂ ಇಳಿಯಬಾರದೇಕೆ? ನಿಮ್ಮ ಕಡೆ ಮುಯ್ಯಾಳಿನ ಪದ್ಧತಿ ಇನ್ನೂ ಉಳಿದಿದ್ದರೆ, ಬಲ್ಲವರು ತಿಳಿಸಿದರೆ ಸಂತೋಷ.